ಮೇಲಿನ ಬಾವಿಯ ಯಜಮಾನರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಊರೂ ಇದೆ. ಊರಿನಲ್ಲಿ ಯಾರಾದರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನೂ ಕೇಳಿಲ್ಲ. ಲಿಂಗವಂತರ ಬೀದಿಯಲ್ಲಿ ಅವರು ‘ದೊಡ್ಡಪ್ಪಾಜಿ’, ಕೇರಿಯವರಿಗೆ ‘ಬುದ್ಧಿ’, ಹೊರಗಿನಿಂದ ಹೋದ ನನ್ನಂಥವರಿಗೆ ‘ಯಜಮಾನರು’. ಯಳಂದೂರಿನಿಂದ ಅಗರದ ಕಡೆಗೆ ಹೋಗುವ ರಸ್ತೆ ಬಿಟ್ಟು, ಗಾಡಿಜಾಡು ಹಿಡಿದು ಒಳಕ್ಕೆ ನಡೆದರೆ ಸಿಗುವ ಊರು ಅದು. ನಾನು ಕೊಳ್ಳೇಗಾಲದವನು. ನಾನು ಓದುವಾಗ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಐವತ್ತಾರರಲ್ಲಿ ಮೈಸೂರಿಗೆ ಬಂದ ಮೇಲೆ ನಮ್ಮ ಕಡೆಯ ಹುಡುಗರಿಗೂ ಇತ್ತಲಿನ ಶಾಲೆಗಳಲ್ಲಿ ಕೆಲಸ ಸಿಗತೊಡಗಿತು. ಹಾಗೆ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಮೇಷ್ಟ್ರಾಗಿ ಆ ಊರಿಗೆ ಹೋದವನಿಗೆ, ಇರಲು ಜಾಗವಾಗಿ ಸಿಕ್ಕಿದ್ದು ಯಜಮಾನರ ಮನೆಯ ಜಗಲಿಗೆ ಹೊಂದಿಕೊಂಡ ಒಂದು ಕೋಣೆ.

ಎತ್ತರದ ಆಳು. ಹಣೆಯ ತುಂಬ ವಿಭೂತಿ, ಹೆಗಲ ಮೇಲೊಂದು ವಸ್ತ್ರ. ಹೊಲಕ್ಕೆ ಹೋಗುವಾಗ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದರು. ಮಣ್ಣಿಗೆ ಇಳಿಯುವಾಗ ಮೆಟ್ಟು ಸವೆಸುವುದೇಕೆ ಎನ್ನುವುದು ಅವರ ಲೆಕ್ಕ. ಜಿಪುಣರಲ್ಲ. ಅವರ ಮನೆಯಲ್ಲಿ ಉಣ್ಣದೆ ಎದ್ದವರನ್ನು ನಾನು ನೋಡಿಲ್ಲ. ಆದರೆ ಯಾವುದೂ ಹಾಳಾಗಬಾರದು. ದಾರಿಯಲ್ಲಿ ಬಿದ್ದ ಸಗಣಿಯನ್ನು ಮುತ್ತುಗದ ಎಲೆಯಲ್ಲಿ ಎತ್ತಿಕೊಂಡು ಬಂದು ತಿಪ್ಪೆಗೆ ಹಾಕುತ್ತಿದ್ದರು. ಹರಿದ ಹಗ್ಗದ ತುಂಡುಗಳಿಗೆಲ್ಲ ಮನೆಯಲ್ಲಿ ಒಂದು ಮೂಲೆಯಿತ್ತು.

ಹೋದ ಹೊಸದರಲ್ಲಿ ನಾನು ಹಲ್ಲುಜ್ಜಲು ಬೇವಿನ ಕಡ್ಡಿ ಬೇಕೆಂದು ಕೈಗೆ ಸಿಕ್ಕ ಒಂದು ರೆಂಬೆಯನ್ನೇ ಮುರಿದಿದ್ದೆ. ಹಿಂದಿನಿಂದ ಅವರ ದನಿ ಬಂತು.

“ನಿಮ್ ಬಾಯಲ್ಲಿ ಎಷ್ಟ್ ಅಲ್ಲು ಅವ ಮೇಷ್ಟ್ರೇ? ಇಸ್ಕೂಲ್ ಮಕ್ಳಿಗೆಲ್ಲ ಆಗೋವಷ್ಟು ಮುರ್ಕಂಡಿದ್ದೀರಿ.”

ನಗುತ್ತಲೇ ಹೇಳಿದ್ದರು. ಆದರೆ ಆ ರೆಂಬೆಯ ಸೊಪ್ಪನ್ನು ಆಡಿಗೆ ಹಾಕಿಸಿ, ಉಳಿದ ಕಡ್ಡಿಗಳನ್ನು ನನ್ನ ಕೋಣೆಯ ಸೂರಿಗೆ ಸಿಕ್ಕಿಸಿಟ್ಟು ಹೋದರು. ಅದು ಮುಗಿಯುವವರೆಗೂ ನಾನು ಮರ ಮುಟ್ಟಲಿಲ್ಲ.

ಹುಣಸೆ ಕಾಯಿ ಕೀಳುವ ಕಾಲದಲ್ಲಿ ಅವರು ಮರದ ಕೆಳಗೇ ಇರುತ್ತಿದ್ದರು. ಗಳದಿಂದ ಬಡಿಯಕೂಡದು, ಕೊಂಬೆ ಅಲ್ಲಾಡಿಸಿ ಉದುರಿಸಬೇಕು. ಬಡಿದರೆ ಮುಂದಿನ ವರ್ಷದ ಚಿಗುರು ಹೋಗುತ್ತದೆ. ಗದ್ದೆಗೆ ಹೊಂಗೆಸೊಪ್ಪು ಕಡಿಸುವಾಗ ಮರದ ಒಂದು ಮಗ್ಗುಲು ಈ ವರ್ಷ, ಇನ್ನೊಂದು ಮಗ್ಗುಲು ಬರುವ ವರ್ಷ. ಊರ ಗೋಮಾಳದಲ್ಲಿ ದನ ಬಿಡುವ ಜಾಗವನ್ನು ಬದಲಿಸುತ್ತ ಹೋಗುವ ಪದ್ಧತಿ ಅವರ ತಂದೆಯ ಕಾಲದ್ದು. ಅದನ್ನು ಯಾರಾದರೂ ಮುರಿದರೆ ಅವರ ಮನೆಯ ಬಾಗಿಲಿಗೆ ತಾವೇ ಹೋಗಿ ನಿಲ್ಲುತ್ತಿದ್ದರು, ಜಗಳ ಮಾಡದೆ, ಹುಲ್ಲು ಮತ್ತೆ ಬೆಳೆಯುವುದಕ್ಕೆ ಬಿಡು ಎಂದು ಹೇಳಿ ಬರುತ್ತಿದ್ದರು. ಕಣ್ಣಿಗೆ ಕಾಣುವುದನ್ನೆಲ್ಲ ಅಷ್ಟು ಹಿತಮಿತವಾಗಿ ಬಳಸಿದ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ. ಕಣ್ಣಿಗೆ ಕಾಣದ್ದರ ವಿಷಯದಲ್ಲಿ ಮಾತ್ರ ಅವರಿಗೆ ಆ ಬುದ್ಧಿ ಬರಲು ತಡವಾಯಿತು. ಈ ಬರಹ ಅದರದ್ದೇ.

ಊರು ಇಳಿಜಾರಿನಲ್ಲಿತ್ತು. ಮೇಲ್ಗಡೆ ಯಜಮಾನರ ಜಮೀನು, ಅದರ ನಡುವೆ ಅವರ ಬಾವಿ. ಅದರ ಕೆಳಗೆ ಊರು. ಊರಿಗೂ ಕೆಳಗೆ, ಎಲ್ಲಕ್ಕಿಂತ ತಗ್ಗಿನಲ್ಲಿ ಕೇರಿ. ಕೇರಿಯ ಜನ ಮೇಲಿನ ಬಾವಿಗಳ ಹತ್ತಿರ ಬರುವಂತಿರಲಿಲ್ಲ. ಅವರ ಹಿರಿಯರು ತಮ್ಮ ಕೈಯಿಂದಲೇ ತೋಡಿಕೊಂಡ ಒಂದು ಬಾವಿ ಕೇರಿಯ ಅಂಚಿನಲ್ಲಿತ್ತು. ಅಷ್ಟೇನೂ ಆಳವಿಲ್ಲದ, ಕಲ್ಲು ಕಟ್ಟಿದ ಬಾವಿ. ಬೇಸಿಗೆಯಲ್ಲೂ ಅದರ ನೀರು ಬತ್ತಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಹುಡುಗಿಯರೂ ಸೇರಿದಂತೆ ಕೇರಿಯ ಮಕ್ಕಳೆಲ್ಲ ಈಜು ಕಲಿತದ್ದು ಅದರಲ್ಲೇ.

ಯಜಮಾನರ ಬಾವಿಗೆ ಆಗ ಕಪಿಲೆ ಇತ್ತು. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ಸುರಿಯುತ್ತಿತ್ತು. ಆ ಎತ್ತುಗಳನ್ನು ಹೊಡೆಯುತ್ತಿದ್ದವನು ಕೇರಿಯ ಸಿದ್ದಯ್ಯ. ಮೂವತ್ತರ ಆಸುಪಾಸಿನವನು, ಸಣಕಲು ಮೈ, ದೊಡ್ಡ ದನಿ. ಬೆಳಗಿನ ಜಾವ ಅವನು ಕಪಿಲೆಯ ಪದ ಹಾಡಿದರೆ ನನ್ನ ಕೋಣೆಯವರೆಗೂ ಕೇಳುತ್ತಿತ್ತು. ಬಿಸಿಲೇರುವ ಹೊತ್ತಿಗೆ ಎತ್ತು ಬಾಯಲ್ಲಿ ನೊರೆ ಬಿಡುತ್ತಿದ್ದವು, ಬಾವಿಯ ನೀರೂ ಇಳಿದಿರುತ್ತಿತ್ತು. ಎತ್ತು ಬಿಚ್ಚುತ್ತಿದ್ದರು. ಮಾರನೆಯ ಬೆಳಿಗ್ಗೆ ನೀರು ಮತ್ತೆ ಅದೇ ಮಟ್ಟಕ್ಕೆ ಬಂದಿರುತ್ತಿತ್ತು.

ಕರೆಂಟು ಬಂತು. ಆ ಭಾಗದ ಹಳ್ಳಿಗಳಲ್ಲೇ ಮೊದಲು ಪಂಪ್‌ಸೆಟ್ ಹಾಕಿಸಿದವರಲ್ಲಿ ಯಜಮಾನರೂ ಒಬ್ಬರು. ಗ್ರಾಮಸೇವಕ ಊರಿಗೆ ಬಂದಾಗಲೆಲ್ಲ ಅವರ ಜಗಲಿಯ ಮೇಲೆ ಕೂತು ಹಿಪ್ಪುನೇರಳೆಯ ಮಾತಾಡುತ್ತಿದ್ದ. ನೀರೊಂದಿದ್ದರೆ ವರ್ಷವಿಡೀ ಸೊಪ್ಪು, ವರ್ಷವಿಡೀ ರೇಷ್ಮೆಹುಳ ಸಾಕಬಹುದು, ಕೊಳ್ಳೇಗಾಲದ ಮಾರುಕಟ್ಟೆ ಎಷ್ಟು ಗೂಡು ತಂದರೂ ಬೇಡವೆನ್ನುವುದಿಲ್ಲ ಎಂದು. ಮೋಟಾರು ಚಾಲೂ ಮಾಡಿದ ದಿನ ಊರಿಗೆ ಊರೇ ಬಾವಿಯ ಬಳಿ ನಿಂತಿತ್ತು. ಪೈಪಿನ ಬಾಯಿಂದ ನೀರು ನುಗ್ಗಿದಾಗ ಯಜಮಾನರು ವಸ್ತ್ರವನ್ನೂ ತೆಗೆಯದೆ ಅದರ ಕೆಳಗೆ ತಲೆಯೊಡ್ಡಿ ನಿಂತುಬಿಟ್ಟರು. ವಿಭೂತಿ ಕರಗಿ ಮುಖದ ಮೇಲೆ ಇಳಿಯಿತು. ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಆಮೇಲಿನ ವರ್ಷಗಳು ಅವರ ಏಳಿಗೆಯ ವರ್ಷಗಳು. ರಾಗಿ, ಹುರುಳಿ ಬೆಳೆಯುತ್ತಿದ್ದ ಕೆಂಪು ಹೊಲವೆಲ್ಲ ಹಿಪ್ಪುನೇರಳೆಯಿಂದ ಹಸಿರಾಯಿತು. ಮನೆಯ ನಡುಮನೆ, ಪಡಸಾಲೆ ಎಲ್ಲ ಹುಳದ ತಟ್ಟೆಗಳೇ. ರಾತ್ರಿ ಹುಳ ಸೊಪ್ಪು ತಿನ್ನುವ ಸದ್ದು ಹದವಾಗಿ ಮಳೆ ಹಿಡಿದಂತೆ ಕೇಳುತ್ತಿತ್ತು. ಮಾದರಿ ರೈತ ಎಂದು ಯಾರೋ ಅಧಿಕಾರಿಗಳು ಬಂದು ಹಾರ ಹಾಕಿ ಫೋಟೋ ತೆಗೆಸಿಕೊಂಡು ಹೋದರು. ಸಿದ್ದಯ್ಯನಿಗೆ ಕಪಿಲೆಯ ಕೆಲಸ ಹೋಯಿತು. ಯಜಮಾನರು ಅವನನ್ನು ಬಿಡದೆ ಸೊಪ್ಪು ಕೊಯ್ಯುವ ಕೆಲಸಕ್ಕೆ ಇಟ್ಟುಕೊಂಡರು. ಬಾವಿಯಲ್ಲಿ ನೀರು ಸಾಲದೆಂದು ಕಂಡಾಗ ಬಂಡೆಗೆ ತೋಟಾ ಸಿಡಿಸಿ ಆಳ ಮಾಡಿಸಿದರು. ಮತ್ತೆ ಸಾಲದಾದಾಗ ಮತ್ತೆ ಮಾಡಿಸಿದರು. ಅವರ ಏಳಿಗೆ ನೋಡಿ ಪಕ್ಕದ ಜಮೀನಿನ ಅವರ ತಮ್ಮ ಮೋಟಾರು ಹಾಕಿಸಿದ. ತಮ್ಮನನ್ನು ನೋಡಿ ಬೀದಿಯ ಉಳಿದವರು ಹಾಕಿಸಿದರು.

ಕೇರಿಯ ಬಾವಿಯ ನೀರು ಇಳಿಯಲು ಶುರುವಾದದ್ದು ಯಾವಾಗ ಎಂದು ನನಗೆ ಸರಿಯಾಗಿ ತಿಳಿಯದು. ಶಾಲೆಗೆ ಬರುವ ಕೇರಿಯ ಮಕ್ಕಳು ಮುಖ ತೊಳೆಯದೆ ಬರತೊಡಗಿದಾಗ ನಾನು ಕೇಳಿದೆ. ಬಾವಿಗೆ ಅವ್ವಂದಿರು ಇಳಿದು ಚಿಪ್ಪಿನಲ್ಲಿ ಗೋರಿ ತರುತ್ತಾರೆ, ಕುಡಿಯುವುದಕ್ಕೇ ಸಾಲದು ಎಂದವು. ಹೋಗಿ ನೋಡಿದೆ. ತಳದಲ್ಲಿ ಬಂಡೆಯ ಒಂದು ತಗ್ಗಿನಲ್ಲಿ ಕೆಸರುನೀರು. ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ಕಾಲಿಟ್ಟು ಹೆಂಗಸರು ಸೊಂಟಕ್ಕೆ ಬಿಂದಿಗೆ ಕಟ್ಟಿಕೊಂಡು ಇಳಿಯುತ್ತಿದ್ದರು.

ಆ ಬೇಸಿಗೆ ಒಂದು ಸಂಜೆ ಸಿದ್ದಯ್ಯ ಯಜಮಾನರ ಜಗಲಿಯ ಕೆಳಗೆ ಬಂದು ನಿಂತ. ನಾನು ಅಲ್ಲೇ ಕೂತು ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಓದು ನಿಂತಾಗ ಅವನು ಮಾತು ತೆಗೆದ.

“ಬುದ್ಧಿ, ನಮ್ ಬಾವಿ ತಳ ಕಾಣ್ತಾ ಅದ. ಮಳ ಬೀಳೋಗಂಟ ಮೋಟ್ರ ದಿನಕ ಒಂದೊತ್ತಾರೂ ನಿಲ್ಸಿದ್ರ, ನಮ್ಗೂ ಒಸಿ ಜಲ ಇಳುದು ಬತ್ತದ.”

ಯಜಮಾನರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಏನ್ಲಾ ಸಿದ್ದ, ನನ್ನ ಬಾವಿ ಮ್ಯಾಲ ಅದ, ನಿಮ್ಮ ಬಾವಿ ಕೆಳಗ ಅದ. ನಿಮ್ಮ ನೀರ ನಾನು ಯಾವ ದಾರೀಲಿ ತಕ್ಕಂಡು ಬಂದಿವ್ನಿ ಯೋಳು. ಭೂಮಿ ನಂದು, ಅದ್ರ ಕೆಳಗಿರೋ ನೀರೂ ನಂದು. ನಿಮ್ ಬಾವಿ ನೀವು ಆಳ ಮಾಡ್ಕಳಿ.”

ತೋಟಾ ಸಿಡಿಸಿ ಬಂಡೆ ಒಡೆಸುವ ಶಕ್ತಿ ಕೇರಿಗೆ ಇಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಿದ್ದಯ್ಯ ಕೈ ಮುಗಿದು ಹೋದ. ಯಜಮಾನರು ಪತ್ರಿಕೆಯಲ್ಲಿ ಮುಂದೇನಿದೆ ಎಂದು ಕೇಳಿದರು.

ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಕೇರಿಯ ಕಡೆಯಿಂದ ಹೆಂಗಸರು ಚೀರುವುದು ಕೇಳಿಸಿತು. ನಾನು ಹೋಗುವ ಹೊತ್ತಿಗೆ ಜನ ಬಾವಿಯನ್ನು ಸುತ್ತುವರಿದಿದ್ದರು. ಸಿದ್ದಯ್ಯನ ಹೆಂಡತಿ ಕೆಂಪಮ್ಮ ಬಿಂದಿಗೆ ಕಟ್ಟಿಕೊಂಡು ಇಳಿಯುತ್ತಿದ್ದಳಂತೆ. ಕಾಲಿಟ್ಟ ಕಲ್ಲು ಗೋಡೆಯಿಂದ ಕಿತ್ತುಬಂದಿತ್ತು. ತಳದ ಬಂಡೆಯ ಮೇಲೆ ಅವಳು ಮಗ್ಗುಲಾಗಿ ಬಿದ್ದಿದ್ದಳು, ಅಲುಗಾಟವಿರಲಿಲ್ಲ. ಹಗ್ಗ ಕಟ್ಟಿದ ಮಂಚವೊಂದನ್ನು ಇಳಿಬಿಟ್ಟು, ಇಬ್ಬರು ಕೆಳಗಿಳಿದು, ಅವಳನ್ನು ಅದಕ್ಕೆ ಕಟ್ಟಿ ಮೇಲೆಳೆದರು. ಮೇಲಿನ ಹೊಲದಲ್ಲಿ ಯಜಮಾನರ ಮೋಟಾರು ಓಡುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಮಂಚ ಬಾವಿಯ ಅಂಚಿಗೆ ಬರುವ ಹೊತ್ತಿಗೆ ಆ ಸದ್ದು ನಿಂತಿತು.

ನಿಲ್ಲಿಸಿದವರು ಯಜಮಾನರೇ. ಸುದ್ದಿ ಕೇಳಿ, ಸ್ಟಾರ್ಟರ್ ಆರಿಸಿ, ಹೊಲದಿಂದ ನೇರ ನಡೆದು ಬಂದಿದ್ದರು. ಕೇರಿಯ ಗಡಿಯಲ್ಲಿ ಒಂದು ಗಳಿಗೆ ನಿಂತರು. ಅವರ ಮನೆತನದವರು ಯಾರೂ ದಾಟದ ಗಡಿ ಅದು. ಆಮೇಲೆ ಒಳಗೆ ಬಂದರು. ಜನ ಜಾಗ ಬಿಟ್ಟರು. ಸಿದ್ದಯ್ಯ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ತಲೆ ಎತ್ತಲಿಲ್ಲ. ಮಾತಾಡಿದ್ದು ಅವನ ತಾಯಿ, ಕಣ್ಣು ಮಂಜಾದ ಮುದುಕಿ. ಯಾರು ಬಂದು ನಿಂತಿದ್ದಾರೆಂದು ಪಕ್ಕದವರು ಹೇಳಿದ ಮೇಲೆ, ಬಹಳ ಮೆಲ್ಲಗೆ, ಬೈಗುಳವೇ ಇಲ್ಲದೆ ಹೇಳಿದಳು.

“ನೀರಿದ್ದಿದ್ರ ಬದುಕೋಳು ಬುದ್ಧಿ. ನಮ್ಮೆಣ್ಣು ಈಜ ಕಲ್ತಿದ್ಲು.”

ಯಜಮಾನರು ಅಲ್ಲಿ ಎಷ್ಟು ಹೊತ್ತು ನಿಂತಿದ್ದರೋ. ಮನೆಗೆ ಬಂದವರು ಜಗಲಿಯ ಕಂಬಕ್ಕೆ ಒರಗಿ ಕೂತರು. ಊಟಕ್ಕೆ ಏಳಲಿಲ್ಲ. ಪೊಲೀಸಿನವರು ಬಂದು ಕಾಲು ಜಾರಿ ಸತ್ತದ್ದೆಂದು ಬರೆದುಕೊಂಡು ಹೋದರು. ಅದು ಸುಳ್ಳೂ ಅಲ್ಲ.

ಅವತ್ತು ನಿಲ್ಲಿಸಿದ ಮೋಟಾರನ್ನು ಅವರು ಮತ್ತೆ ಹಾಕಲಿಲ್ಲ. ತಟ್ಟೆಗಳಲ್ಲಿದ್ದ ಹುಳ ನಾಲ್ಕನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ದಾಟಿದ್ದವು, ಸೊಪ್ಪಿಗೆ ಹಾತೊರೆಯುತ್ತಿದ್ದವು. ನೀರು ಕಾಣದ ಗಿಡ ಬಾಡಿ, ಇದ್ದ ಸೊಪ್ಪೂ ಮುಗಿದು, ಆ ಹುಳವೆಲ್ಲ ಸತ್ತವು. ಮನೆ ತುಂಬ ವಾಸನೆ. ಯಜಮಾನರ ಹೆಂಡತಿ, ನಾವು ‘ಅಮ್ಮಾಜಿ’ ಎನ್ನುತ್ತಿದ್ದ ಗಟ್ಟಿ ಹೆಂಗಸು, ತಟ್ಟೆಗಳನ್ನು ಹೊರಗೆ ತಂದು ತಿಪ್ಪೆಗೆ ಸುರಿಯುತ್ತ ಅಳುತ್ತಿದ್ದರು.

ಯಜಮಾನರಿಗೆ ಒಂದೇ ಹುಚ್ಚು. ದಿನವೂ ಬಿಸಿಲು ಬಂದ ಮೇಲೆ ಕ್ಷೌರದ ಕನ್ನಡಿ ತೆಗೆದುಕೊಂಡು ಕೇರಿಯ ಬಾವಿಗೆ ಹೋಗುವುದು, ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ತಳಕ್ಕೆ ಬಿಟ್ಟು ನೀರು ಏರಿದೆಯೇ ಎಂದು ನೋಡುವುದು. ಮೊದಮೊದಲು ಕೇರಿಯವರಿಗೆ ಅದು ಹಿಡಿಸಲಿಲ್ಲ. ಸತ್ತ ಜಾಗದಲ್ಲಿ ಇದೇನು ಎಂದು ಗೊಣಗಿದರು. ಒಂದಷ್ಟು ದಿನ ನೀರು ಗೇಣುದ್ದ ಏರಿತು. ಯಜಮಾನರು ಓಡಿ ಬಂದು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಆಮೇಲೆ ಅದೂ ಇಳಿಯಿತು. ಉಳಿದವರ ಮೋಟಾರುಗಳು ಓಡುತ್ತಲೇ ಇದ್ದವಲ್ಲ.

ಒಂದು ದಿನ ಹಳೆಯ ಕಪಿಲೆಯ ಇಳಿಜಾರಿನ ಮೇಲೆ ಕೂತಿದ್ದಾಗ ಅವರು ನನಗೆ ಹೇಳಿದ ಮಾತು ಇದು. ಯಾರಿಂದ ಕಲಿತದ್ದೂ ಅಲ್ಲ, ಕೂತು ಕೂತು ತಾವೇ ಯೋಚಿಸಿದ್ದು.

“ಅದು ಈ ವರ್ಸದ ಮಳ ನೀರಲ್ಲ ಕಣ್ರಿ ಮೇಷ್ಟ್ರೇ. ಅದು ಅಗೇವು. ನಮ್ಮಪ್ಪ, ನಮ್ಮಜ್ಜ ಕುಡೀದೆ ಬುಟ್ಟೋಗಿದ್ದ ನೀರು. ಮ್ಯಾಲ ಬೆಳ್ದದ್ದ ಉಣ್ಣಬೇಕು, ಅಗೇವ ಬರಗಾಲ್ದಲ್ಲಿ ಮಾತ್ರ ತೆಗೀಬೇಕು. ನಾನು ದಿನಾ ಅಗೇವ ತೆಗುದು ಉಂಡಿ.”

ಹಗೇವು ಎಂದರೆ ನೆಲದೊಳಗೆ ರಾಗಿ ತುಂಬಿಟ್ಟು ಬಾಯಿ ಮುಚ್ಚುವ ಗುಂಡಿ, ಆಗ ಆ ಕಡೆಯ ಪ್ರತಿ ಊರಲ್ಲೂ ಇರುತ್ತಿತ್ತು. ಯಜಮಾನರು ಮತ್ತೆ ಹೇಳಿದರು. “ಎತ್ಗ ಸುಸ್ತಾಯ್ತಿತ್ತು. ಅದೇ ನಮ್ಮ ಕಾಯ್ತಿತ್ತು. ಮೋಟ್ರಗ ಸುಸ್ತಾಗಲ್ಲ.”

ಆಮೇಲೆ ಅವರು ಮೋಟಾರು ಇದ್ದವರನ್ನೆಲ್ಲ ಬಸವಣ್ಣನ ಗುಡಿಯ ಮುಂದೆ ಸೇರಿಸಿದರು. ಇನ್ನು ಯಾರೂ ತೋಟಾ ಸಿಡಿಸಿ ಆಳ ಮಾಡಬಾರದು, ಒಂದು ದಿನ ಮೇಲಿನವರ ಮೋಟಾರು ಓಡಿದರೆ ಮರುದಿನ ಕೆಳಗಿನವರದು, ಬೇಸಿಗೆಯ ಕೊನೆಗೆ ಎಲ್ಲರದೂ ನಿಲ್ಲಬೇಕು, ಕೇರಿಯ ಬಾವಿಯ ನೀರು ಇಷ್ಟಕ್ಕಿಂತ ಇಳಿಯಿತೆಂದರೆ ಅದೇ ಗುರುತು. ಹೀಗೆ ಒಂದು ಕಟ್ಟು ಮಾಡಿಕೊಳ್ಳೋಣ ಎಂದರು. ಗೋಮಾಳಕ್ಕೆ ಇದ್ದಂಥದ್ದೇ ಕಟ್ಟು ಇದು ಎಂದು ವಿವರಿಸಿದರು. ಎಲ್ಲರೂ ಕೇಳಿಸಿಕೊಂಡರು. ಕೊನೆಗೆ ಅವರ ತಮ್ಮ ಎದ್ದ. ಕೆಟ್ಟವನಲ್ಲ, ಅಣ್ಣನ ಮೇಲೆ ಗೌರವವಿದ್ದವನೇ.

“ಅಣ್ಣ, ನೀನು ಮೊದ್ಲು ಕುಂತು ಒಟ್ಟ ತುಂಬ ಉಂಡ. ಈಗ ನಾವು ಎಲೆ ಮುಂದ ಕುಂತ ಮ್ಯಾಲ ಏಳಿ ಅಂದ್ರ ಎಂಗ?”

ಯಜಮಾನರು ವಾದಕ್ಕೆ ನಿಲ್ಲಲಿಲ್ಲ. ನಾನು ಉಂಡದ್ದು ತಪ್ಪು, ಅದನ್ನು ನೋಡಿಯಾದರೂ ನೀವು ತಿಳಿಯಿರಿ ಎಂದಷ್ಟೇ ಅಂದರು. ಒಬ್ಬೊಬ್ಬರಾಗಿ ಎದ್ದು ಹೋದರು. ನ್ಯಾಯವಾಗಿ ನೋಡಿದರೆ ತಮ್ಮನ ಮಾತಿನಲ್ಲೂ ಹುರುಳಿತ್ತು. ಆಗಷ್ಟೇ ಗಿಡ ನೆಟ್ಟವರು, ಹೊಸದಾಗಿ ಸಂಸಾರ ಹೂಡಿದವರು ಅಲ್ಲಿದ್ದರು.

ತಾಲ್ಲೂಕು ಕಚೇರಿಗೂ ಹೋದರು. ಜೊತೆಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿದ್ದ ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿ ಮಾತಾಡಿಸಿದರು. ಮೋಟಾರು ನಿಲ್ಲಿಸುವುದಕ್ಕೆ ಯಾವ ಕಾನೂನೂ ಇಲ್ಲ, ಇನ್ನೂ ಹೆಚ್ಚು ಹಾಕಿಸಬೇಕೆಂದು ಮೇಲಿನಿಂದ ಅಪ್ಪಣೆಯಿದೆ ಎಂದರು. ಕೊನೆಗೆ, ಭೂಮಿ ಯಾರದೋ ಅದರ ಕೆಳಗಿನ ನೀರೂ ಅವರದೇ ಅಲ್ಲವೇ ಯಜಮಾನರೇ ಎಂದು ನಕ್ಕರು. ಹೊರಗೆ ಬಂದ ಮೇಲೆ ಯಜಮಾನರು ಬಸ್ಸಿಗೂ ಕಾಯದೆ ನಡೆಯಲು ಶುರುಮಾಡಿದರು.

ಅದಾದ ಮೇಲೆ ಅವರು ಮಾಡಿದ ಕೆಲಸವನ್ನು ಊರು ಕ್ಷಮಿಸಲಿಲ್ಲ. ತಮ್ಮ ಬಾವಿಗೆ ರಾಟೆ ಹಾಕಿಸಿ, ಬೇಲಿ ತೆಗೆಸಿ, ಕೇರಿಯ ಹೆಂಗಸರೇ ಬಂದು ಸೇದಿಕೊಂಡು ಹೋಗಲಿ ಎಂದರು. ಸುರಿದು ಕೊಡುವುದಲ್ಲ, ತಾವೇ ಹಗ್ಗ ಮುಟ್ಟಿ ಸೇದುವುದು. ಹೆಂಗಸರು ಬರಲು ಹೆದರಿದರು. ಮೊದಲ ದಿನ ಯಜಮಾನರು ಬಾವಿಯ ಕಟ್ಟೆಯ ಮೇಲೆ ಕೂತು ಕಾವಲು ಕಾದರು.

ಲಿಂಗವಂತರ ಬೀದಿ ಅವರ ಮನೆಯ ನೀರು ಬಿಟ್ಟಿತು, ಮದುವೆ ಮುಂಜಿಗೆ ಕರೆಯುವುದನ್ನು ಬಿಟ್ಟಿತು. ಅಮ್ಮಾಜಿಯವರು ಜಗಳವಾಡಲಿಲ್ಲ. ಆದರೆ ಆ ಬಾವಿಯ ನೀರನ್ನು ಅಡುಗೆಗೂ ಪೂಜೆಗೂ ಬಳಸದೆ ಮೈದುನನ ಬಾವಿಯಿಂದ ತರಿಸತೊಡಗಿದರು. ಅಡುಗೆಮನೆಯಲ್ಲಿ ಒಂದು ಹಂಡೆ, ಯಜಮಾನರಿಗಾಗಿ ಜಗಲಿಯ ಮೇಲೆ ಇನ್ನೊಂದು ಕೊಡ. ಒಂದೇ ಮನೆಯಲ್ಲಿ ಎರಡು ನೀರು. ಯಜಮಾನರು ತಮ್ಮ ಬಾವಿಯದನ್ನೇ ಕುಡಿಯುತ್ತಿದ್ದರು. ಮಗಳಿಗೆ ಮುಳ್ಳೂರಿನಲ್ಲಿ ಒಂದು ಒಳ್ಳೆಯ ಸಂಬಂಧ ಗೊತ್ತಾಗಿತ್ತು. ಗಂಡಿನ ಕಡೆಯವರು ಹಿಂದೆ ಸರಿದರು. ಎರಡು ವರ್ಷ ತಡೆದು, ಒಡೆಯರಪಾಳ್ಯದ ಕಡೆಯ, ಹೆಂಡತಿ ಸತ್ತಿದ್ದ, ವಯಸ್ಸಾದ ಒಬ್ಬರಿಗೆ ಕೊಟ್ಟರು. ಗಾಡಿ ಹತ್ತುವಾಗ ಆ ಹುಡುಗಿ ತಾಯಿಯನ್ನು ತಬ್ಬಿ ಅತ್ತಳು, ಚಿಕ್ಕಪ್ಪನ ಕಾಲಿಗೆ ಬಿದ್ದಳು. ತಂದೆಯ ಮುಂದೆ ಸುಮ್ಮನೆ ತಲೆ ತಗ್ಗಿಸಿ ನಿಂತು, ಗಾಡಿ ಹತ್ತಿದಳು.

ಇಷ್ಟೆಲ್ಲ ಆದರೂ ಸಿದ್ದಯ್ಯನ ಮನೆಯಿಂದ ಯಾರೂ ಆ ಬಾವಿಗೆ ಬರಲಿಲ್ಲ. ಕೆಂಪಮ್ಮ ಸತ್ತ ದಿನದಿಂದ ಅವನು ಯಜಮಾನರ ಕೆಲಸಕ್ಕೂ ಬರುತ್ತಿರಲಿಲ್ಲ. ಕೂಲಿಗೆಂದು ಬೇರೆ ಊರಿಗೆ ಹೋಗುತ್ತಿದ್ದ. ನೀರಿಗೆ ಸುವರ್ಣಾವತಿ ಹೊಳೆಯವರೆಗೆ ನಡೆದು, ಮರಳು ತೋಡಿ, ಒರತೆಯ ನೀರನ್ನು ಹೊತ್ತು ತರುತ್ತಿದ್ದ. ಒಂದು ಮಧ್ಯಾಹ್ನ ಯಜಮಾನರು ಹಿತ್ತಾಳೆಯ ಕೊಡ ತುಂಬಿ ತಾವೇ ಹೆಗಲ ಮೇಲಿಟ್ಟುಕೊಂಡು ಹೊರಟರು. ಅವರಿಗಾಗಲೇ ಅರವತ್ತು ದಾಟಿತ್ತು. ನಾನು ಹಿಡಿಯಲು ಹೋದರೆ ಬೇಡವೆಂದರು. ಲಿಂಗವಂತರ ಬೀದಿಯ ನಡುವೆಯೇ, ಎಲ್ಲರ ಜಗಲಿಯ ಮುಂದೆಯೇ ನಡೆದು ಕೇರಿಗೆ ಹೋಗಿ ಸಿದ್ದಯ್ಯನ ಬಾಗಿಲಲ್ಲಿ ಕೊಡ ಇಳಿಸಿದರು. ಉಸಿರು ಹತ್ತಿತ್ತು. ತಪ್ಪಾಯಿತು ಎಂದೋ ಏನೋ ಹೇಳಲು ಬಾಯಿ ತೆರೆದವರು ವಸ್ತ್ರದಿಂದ ಮುಖ ಒರೆಸಿಕೊಂಡರು.

ಸಿದ್ದಯ್ಯ ಎದ್ದು ನಿಂತ. ಮರ್ಯಾದೆ ತಪ್ಪಲಿಲ್ಲ.

“ಮಡುಗಿ ಬುದ್ಧಿ. ಮಕ್ಕ ಕುಡೀಲಿ. ನನ್ಗ ಬ್ಯಾಡ.”

ಯಜಮಾನರು ತಲೆಯಾಡಿಸಿದರು. ಮಾರನೆಯ ದಿನವೂ ಕೊಡ ಹೊತ್ತು ಹೋದರು, ಅದರ ಮಾರನೆಯ ದಿನವೂ. ಮಕ್ಕಳು ಕುಡಿದವು, ಮುದುಕಿ ಕುಡಿದಳು. ಸಿದ್ದಯ್ಯ ಹೊಳೆಯ ನೀರನ್ನೇ ತರುತ್ತಿದ್ದ, ತನಗಾಗುವಷ್ಟು.

ಇದು ಹೀಗೆಯೇ ನಡೆದಿದ್ದರೂ ಒಂದು ಸಮಾಧಾನವಿರುತ್ತಿತ್ತು. ಆದರೆ ಯಜಮಾನರ ತಮ್ಮ ತನ್ನ ಬಾವಿಯನ್ನು ಬೇಲಿಯ ಆಚೆಯೇ ಮತ್ತೆ ಆಳ ಮಾಡಿಸಿದ. ತೋಟಾ ಸಿಡಿದಾಗ ಯಜಮಾನರ ಬಾವಿಯ ಒಳಗೋಡೆಯ ಕಲ್ಲು ಕುಸಿದವು. ಮರುವರ್ಷದ ಬೇಸಿಗೆಗೆ ರಾಟೆಯ ಹಗ್ಗ ಎಷ್ಟು ಉದ್ದ ಮಾಡಿದರೂ ಬಿಂದಿಗೆ ಬಂಡೆಗೆ ಬಡಿಯುತ್ತಿತ್ತು. ನೀವೂ ಇನ್ನಷ್ಟು ತೋಡಿಸಿ ಎಂದು ಕೇರಿಯವರೇ ಬಂದು ಕೇಳಿಕೊಂಡರು. ಯಜಮಾನರು ಒಪ್ಪಲಿಲ್ಲ. ನಾನು ತೋಡಿದರೆ ಅವನು ತೋಡುತ್ತಾನೆ, ಅವನು ತೋಡಿದರೆ ಇನ್ನೊಬ್ಬ, ಇದಕ್ಕೆ ತಳವಿಲ್ಲ ಎಂದರು. ಕೇರಿಯ ಹೆಂಗಸರು ಮತ್ತೆ ಹೊಳೆಯ ದಾರಿ ಹಿಡಿದರು. ಬಹಳ ವರ್ಷಗಳ ಮೇಲೆ ಸರ್ಕಾರದವರು ಕೇರಿಗೆ ಒಂದು ಕೈಪಂಪು ಹಾಕಿಸುವವರೆಗೂ ಅದೇ ಅವರ ಪಾಡು. ಹಾಗಾದರೆ ಇವರು ಕಳೆದುಕೊಂಡದ್ದರಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೇ. ಒಂದೆರಡು ಬೇಸಿಗೆ ಕೆಲವು ಮನೆಗಳಿಗೆ ಕುಡಿಯುವ ನೀರು.

ನನಗೆ ಹನೂರಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹಿಪ್ಪುನೇರಳೆಯ ಬೊಡ್ಡೆಗಳನ್ನು ಕಿತ್ತುಹಾಕಿ ಮಳೆಯನ್ನು ನಂಬಿ ಹುರುಳಿ ಚೆಲ್ಲುತ್ತಿದ್ದರು. ಬೆನ್ನು ಬಾಗಿತ್ತು. ಹೋದಾಗಲೆಲ್ಲ ತಮ್ಮನ ಬಾವಿಯೂ ಬೇಸಿಗೆಗೆ ಬತ್ತುತ್ತಿರುವುದನ್ನು ಹೇಳುತ್ತಿದ್ದರು. ಅದರಲ್ಲಿ ಗೆದ್ದವನ ದನಿ ಇರುತ್ತಿರಲಿಲ್ಲ. ಅವನಿಗೆ ಮೂರು ಹೆಣ್ಣುಮಕ್ಕಳು, ಏನು ಮಾಡುತ್ತಾನೋ ಎನ್ನುತ್ತಿದ್ದರು. ಅಮ್ಮಾಜಿ ಆ ಹೊತ್ತಿಗೆ ತೀರಿಕೊಂಡಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಒಂದು ಬೇಸಿಗೆಯಲ್ಲಿ, ಆ ಊರಿನ ನನ್ನ ಹಳೆಯ ಶಿಷ್ಯನೊಬ್ಬ ಕೊಳ್ಳೇಗಾಲದ ಬಸ್‌ನಿಲ್ದಾಣದಲ್ಲಿ ಸಿಕ್ಕಿ, ಯಜಮಾನರು ಹಿಂದಿನ ಸಂಜೆ ಹೋಗಿಬಿಟ್ಟರು ಎಂದ. ಅಲ್ಲಿಂದಲೇ ಬಸ್ಸು ಹತ್ತಿದೆ. ಮನೆಯ ಮುಂದೆ ಬೀದಿಯವರು ಬಂದಿದ್ದರು. ಸಾವಿಗೆ ಬಾರದಿರುವಷ್ಟು ದ್ವೇಷ ಯಾರಿಗೂ ಉಳಿದಿರಲಿಲ್ಲ. ಯಜಮಾನರ ತಮ್ಮ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಮಗಳೂ ಬಂದಿದ್ದಳು. ಕ್ರಿಯೆ ಮಾಡಿಸುವ ಅಯ್ಯನವರು ಬರುವುದಿತ್ತು. ನಾನು ಸಮಾಧಿ ತೋಡುತ್ತಿದ್ದ ಜಾಗಕ್ಕೆ ಹೋದೆ. ಅವರ ಹೊಲದಲ್ಲೇ, ಮೇಲ್ಗಡೆ.

ತೋಡುತ್ತಿದ್ದವರಲ್ಲಿ ಸಿದ್ದಯ್ಯ ಇದ್ದ. ತಲೆ ಪೂರ್ತಿ ನರೆತಿತ್ತು. ಯಾರೂ ಕರೆದಿರಲಿಲ್ಲವಂತೆ, ಹಾರೆ ಹಿಡಿದು ತಾನಾಗಿಯೇ ಬಂದನಂತೆ. ನನ್ನನ್ನು ಗುರುತು ಹಿಡಿದು ಗುಂಡಿಯಿಂದ ಮೇಲೆ ಬಂದು, ಕೈಯ ಧೂಳು ಕೊಡವಿ, ಬದುವಿನ ಮೇಲೆ ಕೂತ. ಮಕ್ಕಳ ಯೋಗಕ್ಷೇಮ ಕೇಳಿದೆ. ದೊಡ್ಡವನು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದ್ದಾನೆಂದ. ಗುಂಡಿಯ ಅಂಚಿನ ಮಣ್ಣನ್ನು ಒಂದು ಹಿಡಿ ಎತ್ತಿ ತೋರಿಸಿದ. ಬೆರಳ ಸಂದಿಯಿಂದ ಅದು ಬೂದಿಯಂತೆ ಸುರಿಯಿತು.

“ಎದೆಮಟ್ಟ ತೆಗುದ್ರೂ ತ್ಯಾವ ಇಲ್ಲ ಸಾ. ಮುಂಚ ಇಲ್ಲಿ ಮೊಣಕಾಲುದ್ದ ಅಗುದ್ರ ಮಣ್ಣು ಕೈಗ ಅಂಟೋದು.”

ನಾನು ಯಜಮಾನರ ವಿಷಯ ತೆಗೆದೆ. ಕೊನೆಯವರೆಗೂ ನಿನ್ನನ್ನು ನೆನೆಯುತ್ತಿದ್ದರು ಎಂದೆ. ಅವನು ಕೈಯಲ್ಲಿ ಉಳಿದ ಮಣ್ಣನ್ನು ಕೆಳಗೆ ಬಿಟ್ಟ.

“ಕೆಟ್ಟೋರಲ್ಲ ಸಾ ಅವ್ರು. ತಿಳ್ಕಂಡ್ರು. ಅವ್ರು ತಿಳ್ಕಳೋದ್ಕ ನಮ್ಮೋಳು ಬೇಕಾದ್ಲು.”

ಇನ್ನೂ ಒಂದು ಮೊಳ ಆಗಬೇಕೆಂದು ಗುಂಡಿಯಲ್ಲಿದ್ದವರು ಕೂಗಿದರು. ಸಿದ್ದಯ್ಯ ಎದ್ದು ಹಾರೆ ತೆಗೆದುಕೊಂಡ.